ಅಬ್ಬಾನ ಪಾದಕ್ಕೆ ಕೇಳುತ್ತಿದ್ದ ಚೈನು

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆಯನ್ನು ಅಗಲ ಮಾಡುತ್ತಿದ್ದ ಕಾಲವದು. ನಿಮ್ಮಲ್ಲಿ ಯಾರಾದರೂ ಆಗ ಆ ದಾರಿಯಲ್ಲಿ ಓಡಾಡಿದ್ದರೆ ಧೂಳು ನೆನಪಿರಬಹುದು. ಬಸ್ಸಿನ ಕಿಟಕಿ ಮುಚ್ಚಿದರೂ ಒಳಗೆ ನುಗ್ಗುತ್ತಿದ್ದ, ಹುಬ್ಬು ರೆಪ್ಪೆಗಳನ್ನೆಲ್ಲ ಬೆಳ್ಳಗೆ ಮಾಡುತ್ತಿದ್ದ, ಮನೆಗೆ ಬಂದು ಊಟಕ್ಕೆ ಕೂತರೂ ಹಲ್ಲಿನ ನಡುವೆ ಕರಕರ ಎನ್ನುತ್ತಿದ್ದ ಧೂಳು. ರಸ್ತೆಯ ಎರಡೂ ಬದಿಯ ಮರಗಳನ್ನು ಕಡಿದು ಮಲಗಿಸಿದ್ದರು. ಡಾಂಬರು ಅಲ್ಲಲ್ಲಿ ಇದ್ದಕ್ಕಿದ್ದಂತೆ ಮುಗಿದುಹೋಗುತ್ತಿತ್ತು. ಸುಣ್ಣ ಬಳಿದ ಕಲ್ಲುಗಳು ತೋರಿಸಿದ ಕಡೆ ಮಣ್ಣಿನ ದಾರಿಗೆ ಇಳಿದು, ಮತ್ತೆ ಹತ್ತಿ, ಮತ್ತೆ ರಸ್ತೆ ಹುಡುಕಿಕೊಳ್ಳಬೇಕಿತ್ತು. ನಾನು ಐದನೇ ಕ್ಲಾಸಿನ ಪರೀಕ್ಷೆ ಮುಗಿಸಿದ್ದೆ. ಆ ಬೇಸಿಗೆ ರಜೆಯ ಬೆಳಗುಗಳನ್ನೆಲ್ಲ ಆ ರಸ್ತೆಯ ಮೇಲೆ, ನಮ್ಮ ಅಬ್ಬಾನ ಸೈಕಲ್ಲಿನ ಬಾರಿನ ಮೇಲೆ ಕೂತು ಕಳೆದೆ.

ಅಬ್ಬಾಗೆ ಕಿವಿ ಕೇಳುತ್ತಿರಲಿಲ್ಲ. ಐದಾರು ವರ್ಷದವರಿದ್ದಾಗ ಬಂದ ಜ್ವರ ಕಿವಿಯನ್ನು ತೆಗೆದುಕೊಂಡು ಹೋಗಿತ್ತಂತೆ. ಅದಕ್ಕೂ ಮೊದಲು ಕಲಿತಿದ್ದ ನಾಲ್ಕಾರು ಮಾತು ಮಾತ್ರ ಬಾಯಲ್ಲಿ ಉಳಿದಿದ್ದವು. ಚಲ್, ಬಸ್, ಪಾನಿ, ಮತ್ತೆ ತಮ್ಮ ತಾಯಿಯನ್ನು ಕರೆಯುತ್ತಿದ್ದ ‘ಅಮ್ಮೀ’. ಉಳಿದ ಮಾತೆಲ್ಲ ಕೈಯಲ್ಲಿ, ಹುಬ್ಬಿನಲ್ಲಿ. ಓಣಿಯವರು ಎದುರಿಗೇ ‘ಮೂಗ ಖಾಸಿಂ’ ಎನ್ನುತ್ತಿದ್ದರು. ಹೇಗೂ ಕೇಳುವುದಿಲ್ಲವಲ್ಲ ಎಂಬ ಧೈರ್ಯ. ಆದರೆ ತುಟಿ ನೋಡಿ ಅಬ್ಬಾಗೆ ಗೊತ್ತಾಗುತ್ತಿತ್ತು. ಅವರಿಗೆ ಗೊತ್ತಾದದ್ದು ನಮಗೆ ಗೊತ್ತಾಗುತ್ತಿತ್ತು, ಅವರ ದವಡೆ ಬಿಗಿಯುತ್ತಿತ್ತು.

ನಾವಿದ್ದದ್ದು ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ. ಬೆಳಗಿನ ಜಾವಕ್ಕೇ ಭತ್ತದ ಹೊಟ್ಟಿನ ಹೊಗೆ ಏಳುತ್ತಿತ್ತು. ಕಾದ ಮರಳಿನಲ್ಲಿ ಅಕ್ಕಿ ಬಿದ್ದು ಪಟಪಟ ಅರಳುವ ಸದ್ದು, ಬಿಸಿ ಮಂಡಕ್ಕಿಯ ಉಪ್ಪುಪ್ಪು ವಾಸನೆ, ಇವೇ ನಮ್ಮನ್ನು ಎಬ್ಬಿಸುತ್ತಿದ್ದವು. ಅಬ್ಬಾ ಭಟ್ಟಿಯಿಂದ ಮಂಡಕ್ಕಿ ಚೀಲಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಹರಿಹರದ ಅಂಗಡಿಗಳಿಗೆ ಹಾಕಿ ಬರುತ್ತಿದ್ದರು. ಹಿಂದಿನ ಕ್ಯಾರಿಯರಿನ ಎಡಕ್ಕೊಂದು, ಬಲಕ್ಕೊಂದು, ಮೇಲೆ ಅಡ್ಡಡ್ಡ ಇನ್ನೆರಡು ಚೀಲ. ತೂಕ ಹೆಚ್ಚಿಲ್ಲ, ಆದರೆ ಗಾತ್ರ ಎಷ್ಟಿತ್ತೆಂದರೆ ಹಿಂದಿನಿಂದ ನೋಡಿದವರಿಗೆ ಸೈಕಲ್ಲೂ ಕಾಣುತ್ತಿರಲಿಲ್ಲ, ಹೊಡೆಯುವವರೂ ಕಾಣುತ್ತಿರಲಿಲ್ಲ. ಚೀಲಗಳೇ ರಸ್ತೆಯಲ್ಲಿ ನಡೆದುಕೊಂಡು ಹೋದಂತೆ. ಅಬ್ಬಾಗೂ ಅಷ್ಟೇ, ತಿರುಗಿ ನೋಡಿದರೆ ಚೀಲ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ವರ್ಷಗಟ್ಟಲೆ ಇದೇ ರೀತಿ ನಡೆದಿತ್ತು, ಏನೂ ಆಗಿರಲಿಲ್ಲ. ರಸ್ತೆ ಅಗೆಯಲು ಶುರುಮಾಡಿದ ಮೇಲೆ, ಮಾರ್ಚಿ ತಿಂಗಳಲ್ಲಿ, ಒಂದು ಲಾರಿ ಮೇಲಿನ ಚೀಲಕ್ಕೆ ಸವರಿಕೊಂಡು ಹೋಯಿತು. ಅಬ್ಬಾ ಪಕ್ಕದ ಗುಂಡಿಗೆ ಬಿದ್ದರು. ರಫೀಕ್ ಚಾಚಾ, ಅಂದರೆ ಅಬ್ಬಾನ ತಮ್ಮ, ತನ್ನ ಲಗೇಜ್ ಆಟೋದಲ್ಲಿ ಅವರನ್ನೂ ಸೈಕಲ್ಲನ್ನೂ ಹಾಕಿಕೊಂಡು ಮನೆಗೆ ತಂದರು. ನನ್ನ ತಾಯಿ, ಅಮ್ಮಿ, ಅವರ ಮೊಣಕೈಯಲ್ಲಿ ಹೊಕ್ಕಿದ್ದ ಜಲ್ಲಿಪುಡಿಯನ್ನು ಸೂಜಿಯಿಂದ ತೆಗೆಯುತ್ತ ಕೂತಿದ್ದಳು. ಚಾಚಾ ಬಾಗಿಲಲ್ಲೇ ನಿಂತು ಹೇಳಿದರು:

“ಭಾಬಿ, ನೀವಾದ್ರೂ ಹೇಳ್ರಿ. ಆ ರಸ್ತಾ ಈಗ ಸೈಕಲ್ಲಿಂದಲ್ಲ. ಮಾಲು ನಾನು ಆಟೋದಾಗ ಹಾಕ್ಕಂಡು ಹೋಗ್ತೀನಿ. ಭಾಯ್ ಭಟ್ಟಿ ಮುಂದ ಕುಂತು ಕೆಲಸ ನೋಡ್ಕಳ್ಲಿ.”

ಅಬ್ಬಾ ತಮ್ಮನ ತುಟಿಯನ್ನೇ ನೋಡುತ್ತಿದ್ದರು. ಮಾತು ಮುಗಿದದ್ದೇ ಗಾಯವಿಲ್ಲದ ಕೈಯೆತ್ತಿ, “ಬಸ್” ಎಂದರು. ಸಾಕು ಎಂದು.

ಅವರಿಗೆ ಭಟ್ಟಿ ಬೇಡವಾಗಿತ್ತು. ಆ ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ; ಮುಖ ಕಾಣದಿದ್ದರೆ ಅಬ್ಬಾಗೆ ಮಾತೇ ಇಲ್ಲ. ಹರಿಹರದಲ್ಲಾದರೆ ಅಂಗಡಿ ಅಂಗಡಿಗೂ ಅವರೊಡನೆ ಕೈಮಾತು ಆಡುವವರಿದ್ದರು. ಇದನ್ನೆಲ್ಲ ಅಂದು ನಾನು ತಿಳಿದುಕೊಂಡಿದ್ದೆ ಎಂದರೆ ಸುಳ್ಳಾಗುತ್ತದೆ. ನನಗೆ ಗೊತ್ತಿದ್ದದ್ದು ಇಷ್ಟೇ, ಆ ವಾರವೆಲ್ಲ ಮನೆಯಲ್ಲಿ ತಟ್ಟೆ ಲೋಟಗಳು ಜೋರಾಗಿ ಸದ್ದು ಮಾಡಿದವು. ಅಮ್ಮಿ ಆನಗೋಡಿನವಳು. ಮನೆಯಲ್ಲಿ ನಮ್ಮದು ಉರ್ದು, ಆದರೆ ಬೈಯುವುದಾದರೆ ಅವಳು ಕನ್ನಡದಲ್ಲೇ ಬೈಯುತ್ತಿದ್ದಳು. ಆ ವಾರ ಕನ್ನಡವೇ ಜಾಸ್ತಿ ಕೇಳಿಸಿತು.

ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು. ನನ್ನ ತಲೆ ಬಾಚುತ್ತ, “ನಾಳೆಯಿಂದ ನೀನೂ ಹೋಗು ಅಬ್ಬಾನ ಕೂಡ. ಮುಂದ ಬಾರಿನ ಮ್ಯಾಲೆ ಕುಂತ್ಕ. ಸಾಲಿ ಶುರು ಆಗೋಗಂಟ ಅಷ್ಟೇ” ಎಂದಳು.

“ನಾನು ಹೋಗಿ ಏನ್ ಮಾಡ್ಲಿ?”

“ಹಿಂದ ಗಾಡಿ ಬಂದ್ರ ಹೇಳು. ನಿಂಗ ಕೇಳಸ್ತೈತಲ್ಲ.”

ಬಾರಿಗೆ ಅಬ್ಬಾ ಹಳೆಯ ರಜಾಯಿಯ ತುಂಡು ಸುತ್ತಿ ಕಟ್ಟಿದರು. ನಾನು ಅದರ ಮೇಲೆ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಎರಡೂ ಕಡೆಯಿಂದ ಅವರ ತೋಳುಗಳು ಬಂದು ಹ್ಯಾಂಡಲ್ ಹಿಡಿಯುತ್ತಿದ್ದವು. ನನ್ನ ಕೈ ಅವರ ಎಡಗೈಯ ಮೇಲೆ. ಹಿಂದೆ ಗಾಡಿ ಬಂದರೆ ಮೆಲ್ಲಗೆ ಒತ್ತಬೇಕು. ದೊಡ್ಡ ಗಾಡಿಯಾದರೆ ಒತ್ತಿ ಹಿಡಿಯಬೇಕು. ತೀರ ಹತ್ತಿರ ಬಂತೆಂದರೆ ಉಗುರು ನಾಟುವಷ್ಟು ಗಟ್ಟಿಯಾಗಿ. ಆಗ ಅಬ್ಬಾ ರಸ್ತೆ ಬಿಟ್ಟು ಕೆಳಗಿಳಿಸುತ್ತಿದ್ದರು. ಈ ಮೂರು ಬಗೆಯ ಒತ್ತುವಿಕೆಯಲ್ಲಿ ನಮ್ಮಿಬ್ಬರ ಜೀವ ಇತ್ತು. ಮೊದಲ ದಿನ ಹರಿಹರ ತಲುಪಿದಾಗ ನನ್ನ ಬೆರಳು ಮರಗಟ್ಟಿ ತಾನಾಗಿ ಬಿಡಿಸಿಕೊಳ್ಳಲಿಲ್ಲ. ಅಬ್ಬಾನೇ ಒಂದೊಂದಾಗಿ ಬಿಡಿಸಿದರು.

ಕಿವಿಯನ್ನು ಹಾಗೆ ಹಿಂದಕ್ಕೆ ಕೊಟ್ಟು ಕೂರುವುದು ಸುಲಭವಲ್ಲ. ಕಣ್ಣೆದುರು ಗದ್ದೆ, ಕಾಲುವೆ, ಎಮ್ಮೆ ಎಲ್ಲ ಇದ್ದರೂ ಏನೂ ಕಾಣುತ್ತಿರಲಿಲ್ಲ. ಬಸ್ಸಿನ ಸದ್ದು ಬೇರೆ, ಲಾರಿಯದು ಬೇರೆ, ಜಲ್ಲಿ ಹೊಡೆಯುವ ಟಿಪ್ಪರಿನದು ಬೇರೆ. ಟಿಪ್ಪರಿನ ಹಿಂದಿನ ಬಾಗಿಲು ಧಡಧಡ ಬಡಿಯುತ್ತಿತ್ತು. ರಾತ್ರಿ ಹಾಸಿಗೆಯಲ್ಲೂ ಆ ಸದ್ದು ಕೇಳಿ ಬೆಚ್ಚಿ, ಪಕ್ಕದಲ್ಲಿ ಮಲಗಿದ ಅಮ್ಮಿಯ ಕೈಯನ್ನು ಒತ್ತಿಬಿಡುತ್ತಿದ್ದೆ.

ಆದರೆ ಒಂದು ಸದ್ದು ಮಾತ್ರ ನನಗಿಂತ ಮೊದಲು ಅಬ್ಬಾಗೆ ಗೊತ್ತಾಗುತ್ತಿತ್ತು. ಅದು ಚೈನಿನ ಸದ್ದು.

ಧೂಳು ಸೈಕಲ್ ಚೈನಿಗೆ ಶತ್ರು. ಅದರಲ್ಲೂ ಎಣ್ಣೆ ಹಚ್ಚಿದ ಚೈನಿಗೆ. ಎಣ್ಣೆಗೆ ಧೂಳು ಮೆತ್ತಿಕೊಂಡು ಕಪ್ಪು ಹಿಟ್ಟಿನ ಹಾಗೆ ಆಗಿ ಕೊಂಡಿಗಳ ಸಂದಿಗೆ ಹೋಗಿ ಕೂರುತ್ತದೆ. ಆಮೇಲೆ ಚೈನು ಅರೆಯುತ್ತದೆ, ಜಗ್ಗುತ್ತದೆ, ಹಲ್ಲಿನ ಮೇಲಿಂದ ಜಿಗಿಯುತ್ತದೆ. ದಿನಾ ಸಂಜೆ ಅಬ್ಬಾ ಸೈಕಲ್ಲನ್ನು ಅಂಗಳಕ್ಕೆ ತಂದು ಸ್ಟ್ಯಾಂಡ್ ಹಾಕುತ್ತಿದ್ದರು. ತೆಂಗಿನ ಚಿಪ್ಪಿನಲ್ಲಿ ಸೀಮೆಎಣ್ಣೆ, ಸವೆದ ಹಲ್ಲುಜ್ಜುವ ಬ್ರಷ್ಷು, ಅಮ್ಮಿಯ ಹಳೆ ಸೀರೆಯ ಚಿಂದಿ. ನಾನು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಿದ್ದೆ, ಅವರು ಕೊಂಡಿ ಕೊಂಡಿಯನ್ನೂ ಉಜ್ಜುತ್ತಿದ್ದರು. ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ಸೀಮೆಎಣ್ಣೆ ರೇಷನ್ನಿನದು, ಹಾಗಾಗಿ ಅಮ್ಮಿಯ ಕಣ್ಣು ಆ ಚಿಪ್ಪಿನ ಮೇಲೆಯೇ.

“ಒಲಿಗೆ ಸೀಮೆಎಣ್ಣಿ ಇಲ್ಲ, ಇಲ್ಲಿ ಸೈಕಲ್ಲಿಗೆ ದಿನಾ ಜಳಕ ಆಗ್ತೈತಿ,” ಎನ್ನುತ್ತಿದ್ದಳು. ಆದರೂ ಚಿಪ್ಪು ಖಾಲಿಯಾದರೆ ಅವಳೇ ತಂದು ತುಂಬುತ್ತಿದ್ದಳು.

ಚಿಂದಿಯಿಂದ ಒರೆಸಿ ಒಣಗಿಸಿದ ಮೇಲೆ ಎಣ್ಣೆ. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆ, ಕೊಂಡಿಗೊಂದು ಹನಿ. ಆಮೇಲೆ ಪೆಡಲು ತಿರುಗಿಸಿ ತಿರುಗಿಸಿ ಎಣ್ಣೆ ಒಳಕ್ಕಿಳಿಯಲು ಬಿಟ್ಟು, ಹೊರಗೆ ಉಳಿದದ್ದನ್ನೆಲ್ಲ ಒರೆಸಿಬಿಡಬೇಕು. ಇದು ನನಗೆ ಅರ್ಥವಾಗುತ್ತಿರಲಿಲ್ಲ. ಹಾಕಿದ ಎಣ್ಣೆಯನ್ನು ಒರೆಸುವುದೇಕೆ? ಅಬ್ಬಾ ಬೆರಳಿನಿಂದ ತಮ್ಮ ಹೊಟ್ಟೆ ತೋರಿಸಿ, ಆಮೇಲೆ ಕೆನ್ನೆ ತೋರಿಸಿ, ತಲೆಯಾಡಿಸಿದರು. ತಿಂದದ್ದು ಹೊಟ್ಟೆಯೊಳಗಿರಬೇಕು, ಮುಖಕ್ಕೆ ಮೆತ್ತಿರಬಾರದು. ಕೊನೆಗೆ ನಾನು ಬೆರಳನ್ನು ಚೈನಿನ ಮೇಲೆ ಎಳೆಯಬೇಕು. ಬೆರಳು ಕಪ್ಪಾದರೆ ಆ ಕಪ್ಪನ್ನು ನನ್ನ ಮೂಗಿಗೆ ಬಳಿದು ಮತ್ತೆ ಮೊದಲಿನಿಂದ ಶುರು.

ಒಂದು ಸಂಜೆ ನನಗೆ ಕಣ್ಣು ಮುಚ್ಚಲು ಹೇಳಿ, ನನ್ನ ಎರಡೂ ಅಂಗೈಯಲ್ಲಿ ಪೆಡಲನ್ನು ಹಿಡಿಸಿದರು. ತಿರುಗಿಸಿದೆ. ಬೆಣ್ಣೆಯೊಳಗೆ ತಿರುಗಿದಂತಿತ್ತು. ಆಮೇಲೆ ಅವರು ಏನೋ ಮಾಡಿದರು. ಮತ್ತೆ ತಿರುಗಿಸಿದೆ. ಅಂಗೈಯಲ್ಲಿ ಇರುವೆ ಹರಿದಂತೆ ಸಣ್ಣಗೆ ಕರಕರ ಎಂದಿತು. ಕಣ್ಣು ಬಿಟ್ಟರೆ ಅವರ ಬೆರಳ ತುದಿಯಲ್ಲಿ ಚಿಟಿಕೆ ಮರಳು. ಅಬ್ಬಾ ನಕ್ಕು ತಮ್ಮ ಪಾದ ತೋರಿಸಿದರು, ಆಮೇಲೆ ಕಿವಿ ತೋರಿಸಿದರು. ನನ್ನ ಕಿವಿ ಇಲ್ಲಿದೆ ಎಂದು.

ಅದು ನಿಜವಾಗಿತ್ತು. ದಾರಿಯಲ್ಲಿ ನನಗೇನೂ ಕೇಳದೆ ಇದ್ದಾಗ ಅಬ್ಬಾ ನಿಲ್ಲಿಸಿ ಇಳಿಯುತ್ತಿದ್ದರು. ನೋಡಿದರೆ ಚೈನಿಗೆ ಹುಲ್ಲಿನ ಎಳೆ ಸುತ್ತಿರುತ್ತಿತ್ತು, ಇಲ್ಲವೆ ಒಂದು ಕೊಂಡಿ ಬಿಗಿಯಾಗಿರುತ್ತಿತ್ತು. ಹಿಂದಿನ ಸದ್ದು ನನ್ನದು, ಕೆಳಗಿನ ಸದ್ದು ಅವರದು ಎಂದು ನಾನು ಹಂಚಿಕೊಂಡುಬಿಟ್ಟಿದ್ದೆ. ಒಳಗೊಳಗೆ ಹೆಮ್ಮೆಯೂ ಇತ್ತು. ಓಣಿಯ ಹುಡುಗಿಯರು ಕುಂಟೆಬಿಲ್ಲೆ ಆಡುವಾಗ ನಾನು ಹರಿಹರದ ಸುದ್ದಿ ಹೇಳುತ್ತಿದ್ದೆ.

ಮೇ ತಿಂಗಳಲ್ಲಿ ಒಂದು ಸಂಜೆ ದಿಢೀರನೆ ಮಳೆ ಬಂತು. ರಾತ್ರಿಯೆಲ್ಲ ಸುರಿಯಿತು. ಬೆಳಗ್ಗೆ ನಿಂತಿದ್ದರೂ ಗಾಳಿಯೆಲ್ಲ ಒದ್ದೆ. ಮಂಡಕ್ಕಿಗೆ ಇಂಥ ಗಾಳಿ ಆಗದು; ಒಂದು ದಿನ ಇಟ್ಟರೆ ಮೆತ್ತಗಾಗಿ, ಯಾರೂ ಕೈಯಲ್ಲಿ ಮುಟ್ಟುವುದಿಲ್ಲ. ಹಿಂದಿನ ದಿನ ತುಂಬಿಸಿದ ಚೀಲಗಳು ಸಿದ್ಧವಾಗಿದ್ದವು. ಚಾಚಾ ಆಟೋವನ್ನು ನಮ್ಮ ಬಾಗಿಲಿಗೇ ತಂದು ನಿಲ್ಲಿಸಿದರು.

“ಇವತ್ತೊಂದಿನ ನಂಗ ಬಿಡು ಭಾಯ್,” ಎಂದು ಕೈ ಮಾಡಿ ತೋರಿಸಿದರು. “ರಸ್ತಾ ಎಲ್ಲ ಕೆಸರೈತೆ. ನಾಳೆಯಿಂದ ನೀನೇ ಹೋಗುವಿಯಂತೆ.”

ಅಬ್ಬಾ ಆಟೋ ನೋಡಿದರು, ತಮ್ಮನ ಮುಖ ನೋಡಿದರು. ಇವತ್ತು ಬಿಟ್ಟರೆ ನಾಳೆ ಸಿಗುವುದಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಚೀಲಕ್ಕೆ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿಯತೊಡಗಿದರು.

ಅಮ್ಮಿ ಅವರ ಎದುರು ಹೋಗಿ ನಿಂತಳು. “ಹೋಗಬ್ಯಾಡ್ರಿ ಇವತ್ತು. ಹುಡುಗಿನ್ನಂತೂ ಕಳ್ಸಲ್ಲ ನಾನು.”

ಅಬ್ಬಾ ಭುಜ ಹಾರಿಸಿ, ಒಬ್ಬರೇ ಹೋಗುತ್ತೇನೆ ಎಂದು ಬೆರಳೆತ್ತಿ ತೋರಿಸಿದರು. ಅಮ್ಮಿ ಒಳಗೆ ಬಂದು ನನ್ನ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿ, “ಹೋಗು” ಎಂದಳು.

ಊರು ದಾಟುವವರೆಗೆ ತೊಂದರೆಯಿರಲಿಲ್ಲ. ಡಾಂಬರು ಮುಗಿದ ಮೇಲೆ ಎರೆಮಣ್ಣು ಶುರುವಾಯಿತು. ನಮ್ಮ ಕಡೆಯ ಎರೆಮಣ್ಣು ಗೊತ್ತಲ್ಲ, ಒದ್ದೆಯಾದರೆ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಚಕ್ರಕ್ಕೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಅಲ್ಲಿಂದ ಉದುರಿ ಚೈನಿಗೆ ಬೀಳುತ್ತಿತ್ತು. ಒಂದು ಕಡೆ ಅಬ್ಬಾ ನಿಲ್ಲಿಸಿ ಕಡ್ಡಿಯಿಂದ ಕೆದರಿ ತೆಗೆದರು. ಸ್ವಲ್ಪ ದೂರ ಹೋಗುವುದರೊಳಗೆ ಮತ್ತೆ ಕರ್ ಕರ್ ಎನ್ನತೊಡಗಿತು. ಈ ಸಲ ನನಗೂ ಕೇಳಿಸಿತು. ಆದರೆ ನಿಲ್ಲಿಸಲು ಜಾಗವಿರಲಿಲ್ಲ. ಹೊಸ ಸೇತುವೆ ಕಟ್ಟುತ್ತಿದ್ದ ಕಡೆ ದಾರಿ ಹಳ್ಳದ ಪಾತ್ರಕ್ಕೆ ಇಳಿದು ಆಚೆ ಹತ್ತುತ್ತಿತ್ತು. ಒಂದು ಗಾಡಿ ಮಾತ್ರ ಹೋಗುವಷ್ಟು ಅಗಲ. ಎಡಕ್ಕೂ ಬಲಕ್ಕೂ ಡಾಂಬರಿನ ಡ್ರಮ್ಮು, ದಪ್ಪ ಕಲ್ಲು.

ಇಳಿದೆವು. ತಗ್ಗಿನಲ್ಲಿ ನೀರು ನಿಂತಿತ್ತು, ಅದನ್ನೂ ದಾಟಿದೆವು. ಏರು ಹತ್ತತೊಡಗಿದಾಗ ಚೈನು ಒಮ್ಮೆ ಜಿಗಿಯಿತು. ನನ್ನ ಬೆನ್ನಿಗೆ ತಾಗಿದ್ದ ಅಬ್ಬಾನ ಎದೆ ಗಕ್ಕನೆ ಬಿಗಿಯಿತು. ಮತ್ತೆ ತುಳಿದರು. ಕಟಕಟ ಎಂದು ಸದ್ದಾಗಿ ಪೆಡಲು ಅಲ್ಲಾಡದೆ ನಿಂತುಬಿಟ್ಟಿತು. ಚೈನು ಹಲ್ಲಿನಿಂದ ಕಳಚಿ ಚೌಕಟ್ಟಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅಬ್ಬಾ ಕಾಲು ಕೆಳಗೂರಿ ಸೈಕಲ್ಲನ್ನು ಹಿಡಿದು ನಿಂತರು. ಏರಿನಲ್ಲಿ ಕೈ ಬಿಟ್ಟರೆ ಚೀಲಗಳ ಗಾತ್ರಕ್ಕೆ ಅದು ಹಿಂದಕ್ಕೆ ಮಗುಚುತ್ತದೆ.

ಆಗ ಹಿಂದೆ, ನಾವು ಇಳಿದು ಬಂದ ದಡದ ಮೇಲೆ, ಧಡಧಡ ಎಂದಿತು.

ಟಿಪ್ಪರ್. ಇಳಿಜಾರಿಗೆ ಬರುತ್ತಿತ್ತು. ನಾನು ಅಬ್ಬಾನ ಕೈಯನ್ನು ಗಟ್ಟಿಯಾಗಿ ಹಿಡಿದೆ. ಸೈಕಲ್ ಬೀಳುತ್ತದೆಂದು ನಾನು ಹೆದರಿದೆ ಎಂದುಕೊಂಡರೋ ಏನೋ, ನನ್ನ ತಲೆಗೆ ಗಲ್ಲ ತಾಗಿಸಿ, ತಡಿ ಎನ್ನುವಂತೆ ಒತ್ತಿ, ಕೆಳಗೆ ಬಗ್ಗಿ ಚೈನು ನೋಡತೊಡಗಿದರು. ಉಗುರು ನಾಟಿಸಿದೆ. ಅವರು ಎಡಕ್ಕಿಳಿಯಲು ಎಡವೇ ಇರಲಿಲ್ಲ. ಹಾರ್ನ್ ಶುರುವಾಯಿತು, ಬಿಡದೆ. ಅದರ ಜೊತೆಗೆ ಇನ್ನೊಂದು ಸದ್ದು, ಬ್ರೇಕು ಹಿಡಿದ ಚಕ್ರ ತಿರುಗದೆ ಕೆಸರಿನಲ್ಲಿ ಜಾರುವ ಸದ್ದು. ಆ ಡ್ರೈವರನಿಗೆ ಚೀಲಗಳು ಕಾಣುತ್ತಿವೆ, ಅವುಗಳ ಹಿಂದೆ ಮನುಷ್ಯರಿರುವುದು ಕಾಣುವುದಿಲ್ಲ ಎಂದು ನನಗೆ ಹೊಳೆಯಿತು.

ನಾನು ಬಾರಿನಿಂದ ಜಾರಿ, ಅಬ್ಬಾನ ತೋಳಿನ ಕೆಳಗೆ ನುಸುಳಿ, ಚೀಲಗಳನ್ನು ಬಳಸಿಕೊಂಡು ಹಿಂದಕ್ಕೆ ಓಡಿದೆ. ತಗ್ಗಿನ ನೀರಿನಲ್ಲಿ ಕಾಲಿಟ್ಟದ್ದು ನೆನಪಿದೆ. ಟಿಪ್ಪರಿನ ಮುಖ ಅಷ್ಟು ದೊಡ್ಡದಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎರಡೂ ಕೈ ಮೇಲೆತ್ತಿ ನಿಂತೆ. ಅದು ನೇರ ಬರುತ್ತಿದ್ದದ್ದು ಅಡ್ಡಲಾಯಿತು, ಬಾಲ ಬೀಸಿದಂತೆ ಹಿಂಭಾಗ ತಿರುಗಿತು, ಒಂದು ಡ್ರಮ್ಮು ಉರುಳಿ ಹಳ್ಳಕ್ಕೆ ಬಿತ್ತು. ಮುಂದಿನ ಚಕ್ರ ದಪ್ಪ ಕಲ್ಲಿಗೆ ತಗುಲಿ ನಿಂತಿತು. ಅದರ ಬಂಪರನ್ನು ನಾನು ನಿಂತಲ್ಲಿಂದಲೇ ಕೈಚಾಚಿ ಮುಟ್ಟಬಹುದಿತ್ತು. ಇಂಜಿನ್ನಿನ ಬಿಸಿ ಮುಖಕ್ಕೆ ಬಡಿಯುತ್ತಿತ್ತು.

ಇದ್ಯಾವುದೂ ಅಬ್ಬಾಗೆ ಕೇಳಿರಲಿಲ್ಲ. ತೋಳುಗಳ ನಡುವೆ ನಾನಿಲ್ಲ ಎನ್ನುವುದು ಗೊತ್ತಾಗಿ ಅವರು ತಿರುಗಿದ್ದರು. ಸೈಕಲ್ ಬಿದ್ದ ಸದ್ದು ನನಗೆ ಕೇಳಿಸಿತು. ಚೀಲಗಳ ಮರೆಯಿಂದ ಹೊರಬಂದು ಅವರು ಟಿಪ್ಪರನ್ನೂ ಅದರ ಮುಂದೆ ನಿಂತ ನನ್ನನ್ನೂ ಕಂಡರು. ಆಗ ಅವರ ಗಂಟಲಿನಿಂದ ಒಂದು ಕೂಗು ಬಂತು. ನನ್ನ ಹೆಸರಲ್ಲ; ನನ್ನ ಹೆಸರನ್ನು ಅವರು ಎಂದೂ ಕೇಳಿರಲಿಲ್ಲ. “ಅಮ್ಮೀ” ಎಂದು ಕೂಗಿದ್ದರು. ಐದು ವರ್ಷದ ಮಗುವಿನ ಕೂಗು ಅದು, ದೊಡ್ಡ ಗಂಡಸಿನ ಗಂಟಲಿನಲ್ಲಿ.

ಡ್ರೈವರ್ ಇಳಿದು ಬಂದ. ನೇರ ಅಬ್ಬಾನ ಮೇಲೆ ಹೋದ.

“ಎಷ್ಟೊತ್ತಿಂದ ಹಾರ್ನ್ ಹೊಡಿತಿದೀನಿ. ಕಿವಿ ಕೇಳ್ಸಲ್ವೇನಯ್ಯಾ ನಿಂಗೆ?”

“ಇಲ್ಲ,” ಎಂದೆ ನಾನು. “ಅಬ್ಬಾಗೆ ಕೇಳ್ಸಲ್ರಿ.”

ಅವನು ನನ್ನ ಕಡೆ ತಿರುಗಿದ. ಆಮೇಲೆ ಮೆಲ್ಲಗೆ, “ನಿಂಗ ಮಾತು ಬರ್ತೈತಾ ತಾಯಿ?” ಎಂದ. “ಬರೇ ಕೈ ಆಡಿಸ್ತಿದ್ದೆ. ಬಾಯಿಂದ ಒಂದು ಸದ್ದಿಲ್ಲ. ಮೂಗಿ ಇರಬೇಕು ಅಂದ್ಕಂಡೆ.”

ನಾನು ಕೂಗಿದ್ದೇನೆ ಎಂದೇ ಅಂದುಕೊಂಡಿದ್ದೆ. ಕೂಗಿರಲಿಲ್ಲ. ಅಬ್ಬಾನೊಡನೆ ಮಾತಾಡುವ ಹಾಗೆ ಟಿಪ್ಪರಿನೊಡನೆಯೂ ಕೈಯಲ್ಲೇ ಮಾತಾಡಿದ್ದೆ.

ಅಬ್ಬಾ ನನ್ನನ್ನು ಬೈಯಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ನನ್ನ ಕಡೆ ನೋಡಲೇ ಇಲ್ಲ. ಬಿದ್ದ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಅದರ ಪಕ್ಕ ಕೆಸರಿನಲ್ಲೇ ಕುಕ್ಕರುಗಾಲಿನಲ್ಲಿ ಕೂತರು. ಸಿಕ್ಕಿಕೊಂಡ ಚೈನನ್ನು ಬೆರಳಿನಿಂದಲೇ ಎಳೆಯಲು ನೋಡಿದರು. ಬರಲಿಲ್ಲ. ಡ್ರೈವರ್ ಸ್ಕ್ರೂಡ್ರೈವರ್ ತಂದು ಮೀಟಿ ಬಿಡಿಸಿಕೊಟ್ಟ. ಹಳೆ ಡಬ್ಬಿಯಲ್ಲಿ ಸ್ವಲ್ಪ ಡೀಸೆಲ್ಲು, ಒಂದು ಹಿಡಿ ಬಟ್ಟೆ ಚೂರು ತಂದಿಟ್ಟು, ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿದ. ಅಬ್ಬಾ ತೊಳೆಯತೊಡಗಿದರು. ಮಣ್ಣು ಹೋಗಿತ್ತು. ಚೈನು ಹಲ್ಲಿನ ಮೇಲೆ ಕೂತಾಗಿತ್ತು. ಹೊರಡಬಹುದಿತ್ತು. ಆದರೂ ಅವರು ಒಂದೊಂದು ಕೊಂಡಿಯನ್ನೂ ಹಿಡಿದು ಒರೆಸುತ್ತಲೇ ಇದ್ದರು. ಹಿಂದೆ ಗಾಡಿಗಳ ಸಾಲು ಬೆಳೆದು ಹಾರ್ನುಗಳು ಮೊಳಗುತ್ತಿದ್ದವು.

“ತಡಿರಪ್ಪ, ಸ್ವಲ್ಪ ತಡ್ಕಳ್ರಿ,” ಎಂದು ಡ್ರೈವರ್ ಅವರ ಕಡೆ ಕೂಗಿದ. ಅಬ್ಬಾನನ್ನು ಮಾತ್ರ ಅವಸರ ಮಾಡಲಿಲ್ಲ.

ಚೈನು ಪೂರ್ತಿ ಒಂದು ಸುತ್ತು ಬಂದ ಮೇಲೆ ಅಬ್ಬಾ ತಲೆಯೆತ್ತಿ ನನ್ನನ್ನು ನೋಡಿದರು. ಕೆನ್ನೆಯೆಲ್ಲ ಕಪ್ಪು, ಕಣ್ಣು ಕೆಂಪು. ನಾನು ಹತ್ತಿರ ಹೋಗಿ ಬೆರಳನ್ನು ಚೈನಿನ ಮೇಲೆ ಎಳೆದು ತೋರಿಸಿದೆ. ಅವರು ಆ ಬೆರಳನ್ನು ಹಿಡಿದುಕೊಂಡರು, ಬಿಡಲಿಲ್ಲ.

ಅಲ್ಲಿಂದ ಹರಿಹರದವರೆಗೆ ನನ್ನನ್ನು ಬಾರಿನ ಮೇಲೆ ಕೂರಿಸಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡು ಅವರು ರಸ್ತೆಯ ಕಡೆ ನಡೆದರು, ನನ್ನನ್ನು ಗದ್ದೆಯ ಕಡೆಗೆ ನಡೆಸಿದರು. ನಡುವೆ ಸೈಕಲ್ಲು. ಚನ್ನಬಸಪ್ಪನವರ ದಿನಸಿ ಅಂಗಡಿ ಮುಟ್ಟುವಾಗ ಬಿಸಿಲು ಏರಿತ್ತು. ಅವರು ಕೊಕ್ಕನೂರಿನ ಕಡೆಯ ಜಮೀನುದಾರರು, ಹರಿಹರದಲ್ಲಿ ಅಂಗಡಿ. ಹಣೆ ತುಂಬ ವಿಭೂತಿ. ಅಬ್ಬಾನ ಜೊತೆ ಅವರೂ ಬಾಯಿ ಬಳಸದೆ ಕೈಯಲ್ಲೇ ಮಾತಾಡುತ್ತಿದ್ದರು. ಅವರ ಕೈಮಾತು ಅಬ್ಬಾನದಕ್ಕಿಂತ ಹೆಚ್ಚು ಗದ್ದಲದ್ದು. ಯಾಕೆ ತಡ ಎಂದು ಕೈ ತಿರುಗಿಸಿ ಕೇಳಿದರು. ಅಬ್ಬಾ ಹೇಳತೊಡಗಿದರು. ಕೆಸರು ಹೇಗಿತ್ತು, ಚೈನು ಹೇಗೆ ಸಿಕ್ಕಿಕೊಂಡಿತು, ಟಿಪ್ಪರು ಹೇಗೆ ಬಾಲ ಬೀಸಿತು ಎಂದೆಲ್ಲ ನಗೆ ಬರುವಂತೆ ಅಭಿನಯಿಸಿ ತೋರಿಸಿದರು. ಚನ್ನಬಸಪ್ಪನವರು ನಕ್ಕರು. ಆಮೇಲೆ ಹುಡುಗಿ ಎಲ್ಲಿದ್ದಳು ಎಂದು ನನ್ನ ಕಡೆ ಬೆರಳು ಮಾಡಿದರು. ಅಬ್ಬಾನ ಕೈ ಅಲ್ಲಿಗೆ ನಿಂತುಹೋಯಿತು. ಮುಂದಿಟ್ಟಿದ್ದ ಚಹಾವನ್ನು ಬಸಿ ತಟ್ಟೆಗೆ ಸುರಿದುಕೊಳ್ಳಲು ಹೋಗಿ ಅರ್ಧ ನೆಲಕ್ಕೆ ಚೆಲ್ಲಿದರು.

ಚನ್ನಬಸಪ್ಪನವರು ಮತ್ತೆ ಕೇಳಲಿಲ್ಲ. ನನಗೆ ಬೆಲ್ಲದ ತುಂಡು ಕೊಟ್ಟು, “ಕೂಡು ಮಗಳ, ದಣದೀ” ಎಂದರು. ಡೀಸೆಲ್ಲಿಗೆ ಒಣಗಿದ ಚೈನು ನೋಡಿ ಅಂಗಡಿಯ ಕೊಬ್ಬರಿ ಎಣ್ಣೆ ತರಲು ಎದ್ದರು. ಅಬ್ಬಾ ತಲೆಯಾಡಿಸಿದರು. ಪಕ್ಕದ ದರ್ಜಿಯ ಹತ್ತಿರ ಹೋಗಿ ಯಂತ್ರದ ಎಣ್ಣೆ ತಂದು, ಕೊಂಡಿಗೊಂದರಂತೆ ಹನಿ ಬಿಟ್ಟು, ಒರೆಸಿದರು.

ಮನೆ ಸೇರಿದಾಗ ಚಾಚಾ ನಮ್ಮ ಬಾಗಿಲಲ್ಲೇ ಕೂತಿದ್ದರು. ಅಬ್ಬಾ ಕ್ಯಾರಿಯರಿನಿಂದ ಚೀಲ ಕಟ್ಟುವ ಹಗ್ಗವನ್ನು ಬಿಚ್ಚಿ, ಸುತ್ತಿ, ತಮ್ಮನ ಕೈಗೆ ಕೊಟ್ಟರು. ಹರಿಹರದ ದಿಕ್ಕಿಗೆ ಕೈ ತೋರಿಸಿ, ಆಮೇಲೆ ಆಟೋದ ಕಡೆ ತೋರಿಸಿದರು. ಅಷ್ಟೇ. ಚಾಚಾ ಆ ಹಗ್ಗವನ್ನು ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದವರಂತೆ ನಿಂತಿದ್ದರು. ಬೆಳಗ್ಗೆ ಅದನ್ನೇ ಬೇಡಿದವರು ಅವರೇ.

ನಾನು ಅಮ್ಮಿಗೆ ಎಲ್ಲ ಹೇಳಿದೆ. ಅವಳು ನನ್ನ ಕಾಲಿನ ಕೆಸರು ತೊಳೆಯುತ್ತ ಕೇಳಿದಳು, ಅಳುತ್ತಲೂ ಇದ್ದಳು. “ನಿನ್ನ ಕಳ್ಸಿದ್ದು ಕಿವಿ ಆಗ್ಲಿ ಅಂತಲ್ಲವ್ವಾ,” ಎಂದಳು. “ನೀ ಮುಂದ ಕುಂತಿದ್ರ ಅವ್ರು ಹುಷಾರಾಗಿ ಹೊಡಿತಾರ, ಹೆಂಗಾರ ಮಾಡಿ ಮನಿಗೆ ವಾಪಸ್ ಬರ್ತಾರ ಅಂತ ಕಳ್ಸಿದ್ದೆ. ನೀನ ಗಾಡಿಗೆ ಅಡ್ಡ ಹೋಗ್ತಿ ಅಂತ ನಂಗೇನ್ ಗೊತ್ತು.”

ಆ ಮಾತು ಕೇಳಿ ನನಗೆ ಅವಮಾನವಾಯಿತು. ಇಡೀ ಬೇಸಿಗೆ ನಾನು ಅಬ್ಬಾನನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಈಗ ನನಗೇ ಮಕ್ಕಳಿದ್ದಾರೆ. ಅಮ್ಮಿ ಅಂದು ನನ್ನನ್ನು ಬಾರಿನ ಮೇಲೆ ಕೂರಿಸಿ ಕಳಿಸುವಾಗ ಏನನ್ನು ಪಣಕ್ಕಿಟ್ಟಿದ್ದಳು ಎಂದು ಈಗ ಗೊತ್ತಾಗುತ್ತದೆ.

ಅಬ್ಬಾ ಭಟ್ಟಿಗೆ ಹೋದರು. ಹರಿಹರದವರು ಸ್ವಲ್ಪ ದಿನ ಚಾಚಾನ ಹತ್ತಿರ ಅವರನ್ನು ಕೇಳುತ್ತಿದ್ದರಂತೆ, ಆಮೇಲೆ ಕೇಳುವುದು ನಿಂತಿತು. ಚನ್ನಬಸಪ್ಪನವರು ಮಾತ್ರ ಒಮ್ಮೆ ದಾವಣಗೆರೆಗೆ ಬಂದಾಗ ನಮ್ಮ ಓಣಿ ಹುಡುಕಿಕೊಂಡು ಬಂದು, ಭಟ್ಟಿಯ ಹೊರಗೆ ಅಬ್ಬಾನನ್ನು ಕರೆದು, ಸಂಜೆಯವರೆಗೆ ಕೈಮಾತು ಆಡಿ ಹೋದರು. ಆ ಸಂಜೆ ಅಬ್ಬಾ ಎರಡು ಸಲ ಊಟಕ್ಕೆ ಬಡಿಸಿಕೊಂಡರು. ಆ ಏರಿನ ವಿಷಯ ನಾವಿಬ್ಬರೂ ಯಾವತ್ತೂ ಮಾತಾಡಲಿಲ್ಲ.

ಈಗ ನಾನಿರುವುದು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ಕೆಲಸಕ್ಕೆ ಹರಿಹರಕ್ಕೆ ಹೋಗುತ್ತೇನೆ. ಅಗಲವಾದ ರಸ್ತೆ, ಮಧ್ಯೆ ಹೂವಿನ ಗಿಡ. ಹಳ್ಳ ಎಲ್ಲಿತ್ತೆಂದು ಬಸ್ಸಿನಲ್ಲಿ ಕೂತು ಗುರುತಿಸಲು ನೋಡುತ್ತೇನೆ, ಆಗುವುದಿಲ್ಲ. ಅಬ್ಬಾ ಶುಕ್ರವಾರದ ನಮಾಜು ಮುಗಿಸಿ ನಮ್ಮ ಮನೆಗೆ ಬರುತ್ತಾರೆ. ಗಡ್ಡ ಬೆಳ್ಳಗಾಗಿದೆ, ಕೈ ಇನ್ನೂ ಚುರುಕಾಗಿದೆ. ಮೊಮ್ಮಕ್ಕಳಿಗೆ ಕೈಮಾತು ಕಲಿಸುತ್ತಾರೆ, ನಗಿಸುತ್ತಾರೆ.

ಆದರೆ ಆ ಬೇಸಿಗೆ ಮುಗಿದು ಶಾಲೆ ಶುರುವಾದ ಮೇಲೆ ನಾನು ಅವರ ಎರಡು ತೋಳುಗಳ ನಡುವೆ ಮತ್ತೆ ಕೂರಲಿಲ್ಲ. ಹುಡುಗಿ ದೊಡ್ಡವಳಾಗುತ್ತಿದ್ದಾಳೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಮ್ಮಂಥ ಮನೆಗಳಲ್ಲಿ ಅದು ತಾನಾಗಿಯೇ ಆಗಿಬಿಡುತ್ತದೆ. ಮೊದಲು ತೋಳು ದೂರವಾಯಿತು, ಆಮೇಲೆ ಭುಜ, ಕೊನೆಗೆ ಹಬ್ಬದ ದಿನ ತಲೆಯ ಮೇಲೆ ಇಡುವ ಅಂಗೈ ಒಂದು ಉಳಿಯಿತು. ಅವರ ಎದೆ ನನ್ನ ಬೆನ್ನಿಗೆ ತಾಗಿದ್ದಾಗ ಅವರ ಉಸಿರು ಯಾವಾಗ ಬಿಗಿಯುತ್ತದೆ, ಯಾವಾಗ ಸಡಿಲವಾಗುತ್ತದೆ ಎಂದು ನನಗೆ ಗೊತ್ತಾಗುತ್ತಿತ್ತು. ಈಗ ಗೊತ್ತಾಗುವುದಿಲ್ಲ. ಸೋಫಾದ ಮೇಲೆ ಅಕ್ಕಪಕ್ಕ ಕೂತರೂ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟೇ ಕೂರುತ್ತೇವೆ.